ಮಾಲೀಕರ ಪರವಾಗಿ

“ಏಳೋ ಮೇಲೆ, ಬೋಳಿಮಗನೆ! ಅದು ಓನರ್‌ಗಳು ಕೂರೋ ಕುರ್ಚಿ.”

ಅಧ್ಯಕ್ಷ ಹಾಗಂದದ್ದು ನಮ್ಮ ಯಜಮಾನರಿಗೆ, ಅಂದರೆ ನನ್ನ ಗಂಡನಿಗೆ. ನಾನು ಎದುರಿನ ಸಿಮೆಂಟ್ ಫ್ಯಾಕ್ಟರಿ ಗೋದಾಮಿನ ಬಾಗಿಲಲ್ಲಿ ಕೂತು ಒಡೆದ ಸಿಮೆಂಟ್ ಚೀಲಗಳಿಗೆ ದಬ್ಬಣದಲ್ಲಿ ಹೊಲಿಗೆ ಹಾಕುತ್ತಿದ್ದೆ. ಒಂಬತ್ತು ವರ್ಷದಿಂದ ನನ್ನ ಕೆಲಸ ಅದೇ. ಲಾರಿ ಮಾಲೀಕರ ಸಂಘದ ಆಫೀಸು ಅದೇ ಯಾರ್ಡಿನಲ್ಲಿ, ಅಲ್ಲಿಂದ ನಾಲ್ಕು ಮಾರು. ಒಳಗೆ ಕೆಮ್ಮಿದರೂ ಕೇಳಿಸುತ್ತದೆ. ಯಜಮಾನರು ಬೆಂಕಿ ತಗುಲಿದವರ ಹಾಗೆ ಎದ್ದು ನಿಂತರು. ನಿಂತ ಮೇಲೆ ಕೈಕಟ್ಟಿಕೊಂಡು, “ನಾನೂ ಈಗ ಓನರ್ರೇ ಅಲ್ವಾ ಧಣಿ” ಅಂದರು. ಕೂತೇ ಹೇಳಬಹುದಿತ್ತು ಆ ಮಾತನ್ನ. ನನಗೆ ಮೈಯೆಲ್ಲ ಉರಿದುಹೋಯಿತು.

ಅಧ್ಯಕ್ಷ ಅಂದರೆ ಆ ಸಂಘದ ಅಧ್ಯಕ್ಷ, ಹದಿನೆಂಟು ಲಾರಿಗಳ ಧಣಿ. ಇವರು ಇಪ್ಪತ್ತೆರಡು ವರ್ಷ ಸ್ಟಿಯರಿಂಗ್ ತಿರುಗಿಸಿದ್ದು ಅವನಿಗೇ. ಅದರಲ್ಲಿ ಹದಿನಾಲ್ಕು ವರ್ಷ ಒಂದೇ ಗಾಡಿ. ಅದು ಮುದಿಯಾಗಿ ಹೊಗೆ ಕಾರತೊಡಗಿದ ಮೇಲೆ ಗುಜರಿಗೆ ಹಾಕುವವನಿದ್ದ. ಇವರು ಹೋಗಿ ಕೈಕಾಲು ಹಿಡಿದು ತಾವೇ ಕೊಂಡರು. ಹೇಗೆ ಕೊಂಡೆವು ಅನ್ನುವ ಪುರಾಣ ಬೇಡ, ನನ್ನ ಬೋಳು ಕಿವಿ ನೋಡಿದವರಿಗೆ ಗೊತ್ತಾಗುತ್ತದೆ. ಎರಡನೇ ಗೇರ್ ಬೀಳಬೇಕಾದರೆ ರಾಡನ್ನು ಒಂಚೂರು ಎತ್ತಿ ಹಾಕಬೇಕು, ಬ್ರೇಕನ್ನು ಎರಡು ಸಲ ತುಳಿಯಬೇಕು. ಆ ಗಾಡಿಯ ಗುಣ ಇವರಿಗಲ್ಲದೆ ಇನ್ಯಾರಿಗೂ ತಿಳಿಯದು. ಆರ್‌ಸಿಯಲ್ಲಿ ಇವರ ಹೆಸರು ಬಂದ ದಿನ ನನ್ನ ಕೈಲಿ ಮೂರು ಸಲ ಓದಿಸಿ ಕೇಳಿದರು. ಇವರಿಗೆ ಓದು ಅಷ್ಟಕ್ಕಷ್ಟೆ. ನಾನು ಏಳನೇ ಕ್ಲಾಸು.

ಆದರೆ ಆರ್‌ಸಿ ಒಂದಿದ್ದರೆ ಸಾಲದು. ಸಂಘದ ಪಟ್ಟಿಯಲ್ಲಿ ಹೆಸರು ಸೇರಿದರೆ ಮಾತ್ರ ಸರದಿ, ಸರದಿ ಇದ್ದರೆ ಮಾತ್ರ ಫ್ಯಾಕ್ಟರಿ ಲೋಡು. ಅವತ್ತು ಹೋಗಿದ್ದು ಅದಕ್ಕೇ. ಗುಮಾಸ್ತ, ಅವನಿಗೆ ಎಲ್ಲರೂ ಕನ್ನಡಕ ಅಂತಲೇ ಅನ್ನುವುದು, ಒಂದು ಫಾರಂ ತುಂಬಿ ಇವರ ಮುಂದೆ ತಳ್ಳಿದ.

“ಹಾಕು ಸಹಿ. ಬೇಗ.”

ಇವರು ನಿಂತೇ ಸಹಿ ಮಾಡಿದರು. ಕನ್ನಡಕ ಅದನ್ನು ನೋಡಿದ, ಅಧ್ಯಕ್ಷನಿಗೆ ತೋರಿಸಿದ. ಇಬ್ಬರೂ ನಕ್ಕರು. ನಗಲಿ ಬಿಡು ಅಂತ ನಾನು ಮುಂದಿನ ಚೀಲಕ್ಕೆ ಹುರಿ ಪೋಣಿಸಿದೆ.

ಸಂಜೆ ಮನೆಗೆ ಬಂದು ಜೇಬಿಂದ ಕಾರ್ಬನ್ ಪ್ರತಿ ತೆಗೆದು ಕೊಟ್ಟರು. “ಓದೇ, ಜೋರಾಗಿ ಓದು” ಅಂದರು. ಗಾಡಿ ನಂಬರು ಓದಿದೆ, ಇವರ ಹೆಸರು ಓದಿದೆ. ಕೊನೆಯ ಸಾಲಿಗೆ ಬಂದಾಗ ಕಾಗದವನ್ನು ದೀಪದ ಹತ್ತಿರಕ್ಕೆ ಹಿಡಿದೆ.

“ಯಾಕೇ, ಏನಾಯ್ತು?”

“ಯಾವ ಮಾಲೀಕರ ಪರವಾಗಿ ರೀ?”

ಸಹಿಯ ಮೇಲೆ ಇವರದೇ ಕೈಬರಹ, ಇರುವೆ ಸಾಲು ಹೋದ ಹಾಗೆ: ‘ಮಾಲೀಕರ ಪರವಾಗಿ’. ಲೋಡಿನ ಚೀಟಿ, ತೂಕದ ಚೀಟಿ, ಗೇಟಿನ ಪುಸ್ತಕ, ಎಲ್ಲೇ ಆಗಲಿ ಡ್ರೈವರಾದವನು ಮೊದಲು ಆ ಎರಡು ಪದ ಬರೆದು ಆಮೇಲೆ ಸಹಿ ಹಾಕಬೇಕು. ಇಪ್ಪತ್ತೆರಡು ವರ್ಷ ಬರೆದಿದ್ದಾರೆ. ಇವರಿಗೆ ಸರಾಗವಾಗಿ ಬರೆಯಲು ಬರುವುದೂ ಅದೊಂದೇ.

“ಕೈ ತಾನಾಗೇ ಬರೀತು ಕಣೇ” ಅಂದರು.

“ಕೈ ಬರೀವಾಗ ಕಣ್ಣು ಎಲ್ಲಿತ್ತು? ತಲೆ ಎಲ್ಲಿಟ್ಟಿದ್ರಿ?”

ಬಾಯಿಗೆ ಬಂದ ಹಾಗೆ ಬೈದೆ. ಅವರು ಗೋಡೆಗೆ ಒರಗಿ ಕೂತು ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು. ಆಮೇಲೆ ನನಗೇ ಅಯ್ಯೋ ಅನ್ನಿಸಿ ತಟ್ಟೆಗೆ ಅನ್ನ ಹಾಕಿಕೊಟ್ಟೆ.

ಮರುದಿನ ನಾನೂ ಜೊತೆಗೆ ಹೋದೆ. ಮಾಲೀಕರು ಅಂದರೆ ಹಳೇ ಧಣಿಯೇ ಅಂತ, ಪಟ್ಟಿಯಲ್ಲಿ ನಮ್ಮ ಗಾಡಿ ಆಗಲೇ ಅಧ್ಯಕ್ಷನ ಗುಂಪಿನಲ್ಲಿ ಹತ್ತೊಂಬತ್ತನೆಯದಾಗಿ ಸೇರಿಹೋಗಿತ್ತು. ನಾನು ಆರ್‌ಸಿ ಬಿಚ್ಚಿ ಹಿಡಿದೆ.

“ಆರ್‌ಸಿ ಸರ್ಕಾರದ್ದು ಕಣಮ್ಮ, ಪಟ್ಟಿ ಸಂಘದ್ದು” ಅಂದ ಕನ್ನಡಕ. “ತಿದ್ದಬೇಕಂದ್ರೆ ಅಧ್ಯಕ್ಷರು ಬರ್ಕೊಡಬೇಕು, ಆ ಗಾಡಿ ತಮ್ಮದಲ್ಲ ಅಂತ.”

ಅಧ್ಯಕ್ಷ ಹಲ್ಲುಕಡ್ಡಿ ಆಡಿಸುತ್ತಾ ಕೂತಿದ್ದ. “ತಪ್ಪೇನಾಯ್ತೋ ಈಗ? ನಿನ್ನ ಬಾಯಿಗಿಂತ ನಿನ್ನ ಕೈಗೇ ಬುದ್ಧಿ ಜಾಸ್ತಿ ಇದೆ. ಆರ್‌ಸಿಲಿ ಹೆಸರು ನಿಂದೇ ಇರ್ಲಿ, ಯಾರು ಬೇಡ ಅಂದ್ರು? ಲೋಡ್ ಯಾವಾಗ, ಎಲ್ಲಿಗೆ ಅಂತ ನಾನು ಹೇಳ್ತೀನಿ. ಇವತ್ತು ನಿಂಗೆ ಬಿಟ್ರೆ ನಾಳೆ ಗೇಟಲ್ಲಿರೋ ಬೇವರ್ಸಿ ಡ್ರೈವರುಗಳೆಲ್ಲ ಓನರ್ ಆಗ್ತೀವಿ ಅಂತ ಬರ್ತಾರೆ.”

“ಇದು ಅನ್ಯಾಯ ಅಲ್ವಾ ಅಣ್ಣಾ?” ಅಂದೆ.

“ಯಾರೇ ನಿನಗೆ ಅಣ್ಣ? ಚೀಲ ಹೊಲಿಯೋಳು ಚೀಲ ಹೊಲಿ, ಹೋಗು.”

ಹನ್ನೊಂದು ದಿನ ನಮ್ಮ ಗಾಡಿ ಯಾರ್ಡಿನ ಮೂಲೆಯಲ್ಲಿ ನಿಂತಿತು. ಹದಿನೆಂಟೂ ತುಂಬಿ ಹೋಗುತ್ತಿದ್ದವು, ಬರುತ್ತಿದ್ದವು. ಹದಿನೆಂಟರಲ್ಲಿ ಒಂದು ಖಾಲಿ ನಿಂತಿದ್ದರೂ ಸರದಿ ಅದಕ್ಕೇ. “ಸುಮ್ನೆ ಕೂತು ಏನ್ಮಾಡ್ತೀಯ, ಗಾಡಿ ತೊಳಿ” ಅಂದ ಅಧ್ಯಕ್ಷ. ಇವರು ತೊಳೆದರು. ತಮ್ಮದಲ್ಲ, ಅವನವು. ಪೈಪು ಹಿಡಿದು ಅವನ ಲಾರಿಯ ಚಕ್ರದ ಸಂದಿಯ ಮಣ್ಣು ಬಿಡಿಸುವುದನ್ನು ನಾನು ಗೋದಾಮಿನ ಬಾಗಿಲಿಂದ ನೋಡುತ್ತಿದ್ದೆ. ದಬ್ಬಣ ಎರಡು ಸಲ ಬೆರಳಿಗೆ ಚುಚ್ಚಿತು. “ಥೂ, ಇದಕ್ಕೆ ಗಾಡಿ ಯಾಕೆ ಬೇಕಿತ್ತು ನಿಮಗೆ?” ಅಂದೆ ಒಂದು ದಿನ. “ಅವರನ್ನ ಎದುರು ಹಾಕ್ಕೊಂಡು ಯಾರ್ಡಲ್ಲಿ ಇರಕ್ಕಾಗುತ್ತಾ?” ಅಂದರು. ಗಂಡ ಅನ್ನುವುದನ್ನೂ ಮರೆತು ಮುಖ ತಿರುಗಿಸಿದೆ.

ಹನ್ನೆರಡನೇ ದಿನ ನಮಗೆ ಲೋಡು ಬಂತು. ಎಂಥ ಲೋಡು ಅಂತೀರಿ, ಬೇರೆ ಡ್ರೈವರುಗಳು ಮುಟ್ಟಲ್ಲ ಅಂದಿದ್ದ ಇನ್ನೂರು ಮೂಟೆ. ಅರ್ಧಕ್ಕರ್ಧ ನಾನೇ ಹೊಲಿದದ್ದು. ಸಿಮೆಂಟ್ ಸೋರಿ ತೂಕ ಕಡಿಮೆ ಬಂದರೆ ತಪ್ಪು ಡ್ರೈವರಿನ ತಲೆಗೆ. ಆದರೂ ಇವರ ಮುಖ ಅರಳಿತ್ತು. ಹಲ್ಲು ಕಿಸಿಯುತ್ತಾ ಗಾಡಿಯನ್ನು ಗೋದಾಮಿನ ಮುಂದಿನ ವೇಬ್ರಿಡ್ಜಿಗೆ ಹತ್ತಿಸಿ, ಇಂಜಿನ್ ಆರಿಸಿ ಕೆಳಗಿಳಿದರು. ತೂಕ ಆಗುವಾಗ ಡ್ರೈವರ್ ಇಳಿಯಲೇಬೇಕು.

ಅದೇ ಹೊತ್ತಿಗೆ ಫ್ಯಾಕ್ಟರಿಯ ದೊಡ್ಡ ಸಾಹೇಬ ಕಾರಿಂದ ಇಳಿದ. ಲಾರಿಯ ಹಿಂದಿನಿಂದ ಸಿಮೆಂಟ್ ಬುಸಬುಸ ಸುರಿದು ಅವನ ಕಪ್ಪು ಬೂಟು ಬೂದಿ ಬಣ್ಣವಾಯಿತು.

“ಯಾರದು ಈ ಡಬ್ಬಾ? ಮೊದಲು ತೆಗೀರಿ ಇಲ್ಲಿಂದ!”

ಇವರು ಓಡಿ ಬಂದರು. ಅಷ್ಟರಲ್ಲಿ ನನಗೆ ಏನಾಯಿತೋ ಕಾಣೆ. ದಬ್ಬಣ ಬಿಸಾಕಿ, ಫುಟ್‌ಬೋರ್ಡ್ ಹತ್ತಿ, ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದು ಇಳಿದೆ. ಹಿಂದೆ ಆರು ಲಾರಿ ನಿಂತು ಹಾರ್ನ್ ಹೊಡೆಯತೊಡಗಿದವು. ಆರೂ ಅಧ್ಯಕ್ಷನವೇ.

“ಹುಚ್ಚಿ, ಕೊಡೇ ಕೀಲಿ!” ಅಂದರು ಯಜಮಾನರು.

“ಕೊಡಲ್ಲ. ಸಾರ್, ನಾವು ಬರೀ ಡ್ರೈವರ್ ಕಡೆಯೋರು. ಮಾಲೀಕರು ಹೇಳದೆ ಗಾಡಿ ಮುಟ್ಟಲ್ಲ. ಮಾಲೀಕರು ಯಾರು ಅಂತ ಆ ಪಟ್ಟಿ ನೋಡಿ.”

ಸಾಹೇಬ ಕೈ ಚಾಚಿದ. ಕನ್ನಡಕ ಪಟ್ಟಿ ತಂದು ಕೊಟ್ಟ. ಕೊಡದೆ ಏನು ಮಾಡುತ್ತಾನೆ? ಸಾಹೇಬ ಅದನ್ನು ಓದಿ, ಹಾರ್ನ್ ಕೇಳಿ ಓಡಿಬಂದಿದ್ದ ಅಧ್ಯಕ್ಷನ ಕಡೆ ತಿರುಗಿದ. “ನಿಮ್ಮದಾ? ಇಂಥ ಗಾಡಿಗಳನ್ನ ಓಡಿಸ್ತೀರಾ ನೀವು? ಹಾಗಿದ್ರೆ ನಿಮ್ಮ ಹತ್ತೊಂಬತ್ತನ್ನೂ ಇವತ್ತೇ ನಿಲ್ಲಿಸ್ತೀನಿ.”

ಅಧ್ಯಕ್ಷನ ಮುಖ ಹುಳ್ಳಗಾಯಿತು. “ಅಯ್ಯೋ, ನಂದಲ್ಲ ಸಾರ್! ನನ್ನಾಣೆಗೂ ನಂದಲ್ಲ. ಈ ಸೂಳೆಮಗಂದೇ.”

“ಬರ್ಕೊಡು” ಅಂದೆ. ಏಕವಚನ ಬಾಯಿಗೆ ತಾನಾಗೇ ಬಂತು, ಚೆನ್ನಾಗಿಯೂ ಇತ್ತು. “ನಂದಲ್ಲ ಅಂತ ಬರ್ದು ಸಹಿ ಹಾಕು. ಆಮೇಲೆ ಕೀಲಿ.”

ಸಾಹೇಬನ ಎದುರಿಗೆ, ಅಷ್ಟು ಜನ ಡ್ರೈವರುಗಳ ಎದುರಿಗೆ, ಅವನು ಕಾರಿನ ಬಾನೆಟ್ ಮೇಲೆ ಪಟ್ಟಿ ಇಟ್ಟು ಬರೆದ. ನಿಂತೇ ಬರೆದ. ನಾನು ಒಂದೊಂದು ಅಕ್ಷರ ಓದಿ ನೋಡಿ ಕೀಲಿ ಕೊಟ್ಟೆ. ಯಾರೋ ಹಿಂದಿನಿಂದ ಶಿಳ್ಳೆ ಹಾಕಿದರು.

ಸಾಹೇಬ ಕರವಸ್ತ್ರದಿಂದ ಬೂಟು ಒರೆಸಿಕೊಂಡು ಕನ್ನಡಕನಿಗೆ ಹೇಳಿದ: “ಈ ಗಾಡಿ ನಂಬರ್ ಬರ್ಕೋ. ಇನ್ಮೇಲೆ ಯಾರ್ಡಿನ ಒಳಗೆ ಬಿಡಬೇಡ. ಈ ಹೆಂಗಸನ್ನೂ.”

ಶಿಳ್ಳೆ ನಿಂತಿತು. ಹಮಾಲಿಗಳು ಕೆಳಗೆ ನೋಡುತ್ತಾ ನಿಂತರು. ಗಾಡಿಯನ್ನು ಬದಿಗೆ ಹಾಕಿ ಇನ್ನೂರು ಮೂಟೆಯನ್ನು ನಾವಿಬ್ಬರೇ ಇಳಿಸಿದೆವು, ಇವರ ಬೆನ್ನಿಗೆ ನಾನು ಎತ್ತಿಕೊಟ್ಟು, ನನ್ನ ತಲೆಗೆ ಇವರು ಎತ್ತಿಟ್ಟು. ಒಬ್ಬನೂ ಮುಂದೆ ಬರಲಿಲ್ಲ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ಗೊತ್ತು. ಆದರೂ ಬೈದೆ, ಗಟ್ಟಿಯಾಗಿಯೇ ಬೈದೆ.

ಖಾಲಿ ಗಾಡಿಯಲ್ಲಿ ಗೇಟು ದಾಟಿದೆವು. ದೊಡ್ಡ ರಸ್ತೆಗೆ ಸೇರುವ ಕಡೆ ಇವರು ಬ್ರೇಕನ್ನು ಎರಡು ಸಲ ತುಳಿದು ನಿಲ್ಲಿಸಿದರು. ರೆಪ್ಪೆಯ ತನಕ ಸಿಮೆಂಟ್ ಮೆತ್ತಿಕೊಂಡಿತ್ತು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಎಲ್ಲಿಗೆ ಹೋಗ್ಲಿ?”

“ನನ್ನ ಕೇಳಬೇಡಿ. ಮಾಲೀಕರು ನೀವು.”

ಹಿಂದೆ, ತೂಕ ಮುಗಿಸಿ ಬಂದ ಅಧ್ಯಕ್ಷನ ಆರೂ ಲಾರಿಗಳು ದಾರಿ ಬಿಡು ಅಂತ ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದವು. ಇವರು ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ರಸ್ತೆ ನೋಡುತ್ತಾ ಕೂತಿದ್ದರು, ಗಾಡಿ ಕದಲಲಿಲ್ಲ.