ಕೇಳುಗನ ಮುಖ

ತುಮಕೂರಿನ ಜಲವರ್ಣ ಸ್ಪರ್ಧೆಯ ತಗಡಿನ ಚಪ್ಪರದೊಳಗೆ, ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಉಳಿದ ಸ್ಪರ್ಧಿಗಳ ಒದ್ದೆ ಕಾಗದಗಳೆಲ್ಲ ಹಪ್ಪಳದಂತೆ ಒಣಗಿ ಮುದುರುತ್ತಿದ್ದಾಗ, ಚಿತ್ರಕಲಾ ಶಿಕ್ಷಕ ವೆಂಕಟಗಿರಿಯವರು ತಮ್ಮ ಪಂಚೆಯನ್ನೇ ಬಿಚ್ಚಿ, ನೀರಿನಲ್ಲಿ ಅದ್ದಿ, ಕಾಗದದಡಿ ಹಾಸಿ, ಚಡ್ಡಿಯಲ್ಲೇ ನಿಂತು ಒಬ್ಬ ಪೈಲ್ವಾನನ ಮುಖವನ್ನು ಅರಳಿಸಿ ಚಿನ್ನದ ಪದಕ ಗೆದ್ದಿದ್ದರು. ಅದಕ್ಕೆ ಮೊದಲು ವರ್ಷ ವರ್ಷವೂ ಸೋತು ಬಂದಿದ್ದರು. ರಾಜಾಜಿನಗರದ ಅವರ ಬೀದಿಯಲ್ಲಿ ಈ ಕಥೆ ಕೇಳದವರೆಂದರೆ ಹೊಸದಾಗಿ ಬಾಡಿಗೆಗೆ ಬಂದವರು ಮಾತ್ರ. ಅವರೂ ಹಾಲುಕ್ಕಿಸುವ ಹೊತ್ತಿಗೆ ಕೇಳಿರುತ್ತಿದ್ದರು.

ಈಗ ಅವರೆದುರು ಕೂತಿದ್ದವರು ಕೆಂಗೇರಿಯ ಜಮೀನುದಾರ ಕೃಷ್ಣಪ್ಪ. ಅರವತ್ತರ ಶಾಂತಿಗೆ ಕೈಯಿಂದ ಬರೆದ ಭಾವಚಿತ್ರವೇ ಆಗಬೇಕೆಂದು ಹೆಂಡತಿ ಮುನಿತಾಯಮ್ಮನ ಹಠ. ಕೃಷ್ಣಪ್ಪನೋ, ಆಧಾರ್ ಫೋಟೋಗೆ ಕೂತವರಂತೆ ಉಸಿರು ಬಿಗಿಹಿಡಿದಿದ್ದರು. ಮೊದಲ ಚಿತ್ರದಲ್ಲಿ ಮೂಗು, ಮೀಸೆ, ಕುಂಕುಮ ಎಲ್ಲವೂ ಸರಿಯಿದ್ದವು, ಮನುಷ್ಯನೇ ಇರಲಿಲ್ಲ.

"ಇದೂ ಹಿಂಗೇ ಆದ್ರೆ ಫ್ಲೆಕ್ಸ್ ಹಾಕಿಸ್ಬಿಡ್ತೀನಿ ಮೇಷ್ಟ್ರೇ," ಎಂದರು ಅವರು, ತುಟಿ ಅಲುಗದಂತೆ.

"ತಾತ, ಫೋನಲ್ಲಿ ಫೋಟೋ ತೆಗೆದು ಟ್ರೇಸ್ ಮಾಡೋಣ್ವಾ?" ಎಂದಳು ವೆಂಕಟಗಿರಿಯವರ ಮೊಮ್ಮಗಳು ಗಗನಾ.

ಕೈ ಸೋತಿತೆಂಬ ತೀರ್ಪಿನಂತೆ ಕೇಳಿಸಿತು ಆ ಮಾತು. ಈ ಹಾಳೆಯೂ ಕೆಟ್ಟರೆ ಇನ್ನು ಕುಂಚ ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲೇ ನಿಶ್ಚಯಿಸಿದ ವೆಂಕಟಗಿರಿಯವರು ಹೊಸ ಕಾಗದವನ್ನು ಎರಡೂ ಬದಿ ನೆನೆಸಿ ಗಾಜಿನ ಮೇಲೆ ಹರವಿದರು. ನೀರಿನ ಹೊಳಪು ಇರುವಷ್ಟು ಹೊತ್ತೇ ಬಣ್ಣ ಹಬ್ಬುವುದು. ಹೊಳಪು ಆರಿತೋ, ಮುಗಿಯಿತು. ಹೊಳಪು ಕಂಡೊಡನೆ ಅಭ್ಯಾಸಬಲದಿಂದ ಬಾಯಿಯೂ ತೆರೆಯಿತು:

"ತುಮಕೂರಲ್ಲಿ ಏನಾಯ್ತು ಅಂದ್ರೆ ಕೃಷ್ಣಪ್ಪನೋರೇ..."

ಕಥೆಯಲ್ಲಿ ತಗಡಿನ ಚಪ್ಪರ ಬರುವಷ್ಟರಲ್ಲಿ ಕೃಷ್ಣಪ್ಪನ ಹೆಗಲು ಇಳಿಯಿತು. ಪಂಚೆ ಬಿಚ್ಚಿದಾಗ ಒಂದು ಹುಬ್ಬು ಏರಿತು. ಪದಕ ಬಂದಾಗ ತುಟಿಯ ಅಂಚು ಮೀಸೆಯೊಳಗೆ ಮೆಲ್ಲಗೆ ಜಾರಿತು. ಕುಂಚ ಅದನ್ನೆಲ್ಲ ಹಿಂಬಾಲಿಸಿತು. ಕಾವಿ ಬಣ್ಣ ಕೆನ್ನೆಯಲ್ಲಿ ಹಬ್ಬಿತು, ಕಣ್ಣಿನಡಿ ನೀಲಿ ತಂಗಿತು. ಇಷ್ಟು ವರ್ಷಗಳಲ್ಲಿ ಈ ಕಥೆ ಕೇಳುವವನ ಮುಖವನ್ನು ವೆಂಕಟಗಿರಿಯವರು ನೋಡಿದ್ದು ಇದೇ ಮೊದಲು.

ಮುನಿತಾಯಮ್ಮ ಬಗ್ಗಿ ನೋಡಿದರು. "ಅಯ್ಯೋ ಶಿವನೇ, ಇದೇ ಮುಖ! ನಾನು ನಮ್ಮ ತವರಿನ ದೊಡ್ಡಸ್ತಿಕೆ ಹೇಳುವಾಗೆಲ್ಲ ಹಿಂಗೇ ಕೂತಿರ್ತಾರೆ. ಒಂದಕ್ಷರ ನಂಬಿರಲ್ಲ!"

"ಸುಮ್ನಿರೇ," ಎಂದು ಗದರಿದ ಕೃಷ್ಣಪ್ಪ ಚಿತ್ರದಿಂದ ಕಣ್ಣು ಕೀಳಲಿಲ್ಲ. "ಮೇಷ್ಟ್ರೇ, ಇದು ನಾನೇ. ಇದಕ್ಕೇ ಕಟ್ಟು ಹಾಕಿಸಿ."

ಕೈ ಸೋತಿರಲಿಲ್ಲ. ಆದರೆ ತಮ್ಮ ಪದಕವನ್ನು ಇಷ್ಟು ಸೊಗಸಾಗಿ ನಂಬದಿರುವ ಮುಖವನ್ನು ವೆಂಕಟಗಿರಿಯವರು ತಾವೇ ಬರೆದಿದ್ದರು.

"ಪದಕ ನಿಜವಾಗ್ಲೂ ಬಂದಿತ್ತು," ಎಂದರು, ಸಣ್ಣ ದನಿಯಲ್ಲಿ.

"ಇಲ್ಲ ಅಂದೋರು ಯಾರು ಸಾಮಿ?" ಎಂದರು ಕೃಷ್ಣಪ್ಪ, ಅದೇ ಹುಬ್ಬಿನಲ್ಲಿ.

ಅಷ್ಟರಲ್ಲಿ ಮುನಿತಾಯಮ್ಮ ತಮಗೂ ಒಂದಿರಲೆಂದು ಸೆರಗು ಸರಿಪಡಿಸಿಕೊಂಡು ಕುರ್ಚಿಯಲ್ಲಿ ಕೂತು, ಗಂಡನಂತೆಯೇ ಉಸಿರು ಬಿಗಿಹಿಡಿದಿದ್ದರು. ಗಗನಾ ಇನ್ನೊಂದು ಹಾಳೆ ನೆನೆಸಿ ಗಾಜಿನ ಮೇಲೆ ಹರವಿದಳು.

"ತಾತ, ತುಮಕೂರಿಂದು ಇನ್ನೊಂದ್ಸಲ ಹೇಳಿ. ಪಂಚೆ ಬಿಚ್ಚಿದ್ದು ಮಾತ್ರ ಬಿಡ್ಬೇಡಿ."