ಮೊಳೆಯಬಾರದ ಹತ್ತಿ

೧
ಎಲ್ಲಿಂದ ಶುರು ಮಾಡಲಿ? ಹಡಗಿನಿಂದ ದೊರೆಗಳು ಇಳಿದರು, ಹಿಂದೆಯೇ ಬಂದೂಕುಗಳೂ ಇಳಿದವು ಎಂದು ಶುರು ಮಾಡಿದ್ದೆ. ಪುಟಗಟ್ಟಲೆ ಸಮುದ್ರವೇ ಆಯಿತು, ಹೊಲ ಬರಲೇ ಇಲ್ಲ. ಡಿಲೀಟ್.

(ಓದುಗರೇ, ನೀವು ಕಳೆದುಕೊಂಡದ್ದು ಏನೂ ಇಲ್ಲ. ಬರೀ ಅಲೆಗಳ ವರ್ಣನೆ.)

ಎರಡನೇ ಡ್ರಾಫ್ಟಿನಲ್ಲಿ ನೇರವಾಗಿ ಸೊಸೆಯ ಮನೆಗೇ ಬಂದೆ. ಅವಳ ಗಂಡನನ್ನು ದೊರೆಗಳು ರಸ್ತೆ ಕೆಲಸಕ್ಕೆ ಹಿಡಿದುಕೊಂಡು ಹೋಗಿದ್ದಾರೆ. ಮನೆಯಲ್ಲಿ ಉಳಿದವರು ಅವಳು, ಅತ್ತೆ ಮತ್ತು ಮಕ್ಕಳು. ಇಷ್ಟೂ ಹೊಟ್ಟೆಗೆ ಆಧಾರ ಬಾವಿ ಪಕ್ಕದ ಜೋಳದ ಹೊಲ. ಈ ಸಲ ಬೇಸಾಯದ ಸಾಹೇಬ ಆ ಹೊಲದ ಮೂಲೆಮೂಲೆಗೂ ಗೂಟ ಹೊಡೆಸಿ, "ಇಲ್ಲಿ ಹತ್ತಿ" ಎಂದು ಅಪ್ಪಣೆ ಕೊಟ್ಟು, ಬೀಜದ ಚೀಲ ಇಳಿಸಿ ಹೋದ. ಆ ಬೀದಿಯವರ ಎಲ್ಲ ಹೊಲಗಳದ್ದೂ ಇದೇ ಗತಿ. ಬೆನ್ನ ಹಿಂದೆ ಎಲ್ಲರೂ ಅವನನ್ನು ಗೂಟದ ಸಾಹೇಬ ಎನ್ನುತ್ತಾರೆ. ಅವನ ದೇಶದ ಗಿರಣಿಗಳಿಗೆ ಹತ್ತಿ ಬೇಕು, ಇವರಿಗೆ ಜೋಳ ಬೇಕು. ಇಡೀ ಕಥೆ ಇಷ್ಟೇ. ಮುಂದಿನದೆಲ್ಲ ನನ್ನ ಹೊಟ್ಟೆಪಾಡು.

೨
ಸೊಸೆ ಸಾಹೇಬನ ಗೋದಾಮಿಗೆ ಬೆಂಕಿ ಇಟ್ಟಳು.

"ನಾನ್ಯಾಕೆ ಇಡಲಿ?" ಎಂದು ಅವಳು ನನ್ನನ್ನೇ ದಬಾಯಿಸಿದಳು.

"ಕ್ಲೈಮ್ಯಾಕ್ಸ್‌ಗೆ ಬೇಕಮ್ಮ."

"ನಿಂಗೆ ಕ್ಲೈಮ್ಯಾಕ್ಸು, ನಂಗೆ ಗುಂಡೇಟು. ಆಮೇಲೆ ನನ್ನ ಮಕ್ಕಳಿಗೆ ನೀನು ಬಂದು ಉಣ್ಣಕ್ಕಿಡ್ತೀಯಾ?"

ಇಡುವುದಿಲ್ಲ. ಬೆಂಕಿಯೂ ಡಿಲೀಟ್.

"ಮತ್ತೇನು ಮಾಡ್ತೀಯ?"

"ಬೀಜಾನ ಬಿಸಿನೀರಲ್ಲಿ ಬೇಯಿಸ್ತೀನಿ. ನೆರಳಲ್ಲಿ ಒಣಗಿಸಿ ಅವನ ಕಣ್ಣೆದುರಿಗೇ ಬಿತ್ತುತೀನಿ. ಹುಟ್ಟಲಿಲ್ಲ ಅಂದ್ರೆ ಈ ನೆಲಕ್ಕೆ ಹತ್ತಿ ಒಗ್ಗಲ್ಲ ಅಂತ ಗೂಟ ಕಿತ್ಕೊಂಡು ಹೋಗ್ತಾನೆ."

"ನಿನ್ನ ಹೊಲದಲ್ಲೊಂದೇ ಹುಟ್ಟಲಿಲ್ಲ ಅಂದ್ರೆ ನೆಲಾನ ಬೈಯಲ್ಲ, ನಿನ್ನನ್ನೇ ಹಿಡೀತಾನೆ."

ಅವಳು ಅಷ್ಟು ದೂರ ಯೋಚಿಸಿರಲಿಲ್ಲ. (ಅಂತೂ ನನ್ನಿಂದಲೂ ಒಂದು ಉಪಕಾರವಾಯಿತು.) ಮರುದಿನ ಒಲೆಗೆ ಕೆಂಡ ಕೇಳುವ ನೆಪದಲ್ಲಿ ಬೀದಿಯ ಮನೆಮನೆಗೂ ಹೋಗಿ ಹೆಂಗಸರ ಕಿವಿಯಲ್ಲಿ ವಿಷಯ ಹಾಕಿದಳು. ಎಲ್ಲರೂ ಹೂಂ ಅಂದರು. ಊಹೂಂ ಅಂದದ್ದು ಒಬ್ಬರೇ, ಅವಳ ಸ್ವಂತ ಅತ್ತೆ.

೩
ಅತ್ತೆ ಹೆದರಿ ಹಾಗೆ ಅಂದದ್ದಲ್ಲ. ಪ್ರತಿ ಸುಗ್ಗಿಯಲ್ಲೂ ಒಳ್ಳೆಯ ತೆನೆ ಆರಿಸಿ, ಕಾಳಿಗೆ ಬೂದಿ ಬೆರೆಸಿ, ಗಡಿಗೆಯ ಬಾಯಿಗೆ ಮಣ್ಣು ಮೆತ್ತಿ ಕಾಪಾಡಿದ ಜೀವ ಅದು. ಹಸಿವಿನ ವರ್ಷದಲ್ಲೂ ಬಿತ್ತನೆಯ ಗಡಿಗೆಗೆ ಯಾರನ್ನೂ ಕೈ ಹಾಕಲು ಬಿಟ್ಟಿರಲಿಲ್ಲ.

"ನನ್ನ ಕೈ ಬೀಜ ಕೊಲ್ಲಲ್ಲ ಕಣೆ."

"ಅದು ಅವನ ಬೀಜ, ಅತ್ತೆ."

"ಅವನದೋ ನಮ್ಮದೋ, ಬೀಜಕ್ಕೇನು ಗೊತ್ತು?"

(ಇದಕ್ಕೆ ನನ್ನ ಬಳಿಯೂ ಉತ್ತರವಿಲ್ಲ, ಅದಕ್ಕೇ ಈ ಭಾಗ ಚಿಕ್ಕದು.) ಆದರೂ ಸೊಸೆ ಒಲೆ ಹೊತ್ತಿಸಿದಳು. ನೀರು ಕುದಿ ಬಂದಾಗ ಬೀಜ ಸುರಿದಳು. ಅವಳೂ ಬೇಸಾಯದ ಮನೆಯ ಮಗಳೇ. ಸೌಟು ಆಡಿಸುತ್ತ ಅತ್ತಳು, ಅಳುತ್ತ ಆಡಿಸಿದಳು, ಕೈ ಮಾತ್ರ ನಿಲ್ಲಿಸಲಿಲ್ಲ.

೪
ಇಡೀ ಬೀದಿ ಸಾಹೇಬನ ಎದುರಿಗೇ ಬಿತ್ತಿತು. ಅವನು ಮೆಚ್ಚಿ ತಲೆಯಾಡಿಸಿದ. ದಿನಗಳು ಉರುಳಿದವು, ಯಾರ ಹೊಲದಲ್ಲೂ ಒಂದು ಮೊಳಕೆಯಿಲ್ಲ. ಸಾಹೇಬ ನೋಡಲು ಬರುವ ದಿನ ಬೆಳಿಗ್ಗೆ ನೀರಿಗೆಂದು ಹೊರಟ ಸೊಸೆ ಕೊಡ ಅಲ್ಲೇ ಬಿಟ್ಟು ಹೊಲಕ್ಕೆ ಓಡಿದಳು. ಬಾವಿಯ ಕಡೆಯ ಒಂದು ಸಾಲು ರಾತ್ರಿ ಬೆಳಗಾಗುವುದರಲ್ಲಿ ಹಸಿರಾಗಿ ಎದ್ದು ನಿಂತಿತ್ತು. ಅತ್ತೆ ಬೇಯಿಸದ ಒಂದು ಹಿಡಿ ಬೀಜ ಸೊಂಟದಲ್ಲಿ ಸಿಕ್ಕಿಸಿಕೊಂಡು ಆಮೇಲೆ ಗುಟ್ಟಾಗಿ ಬಂದು ಬಿತ್ತಿದ್ದಳು. ಒಂದು ಸಾಲು ಸಾಕಿತ್ತು, ಇಡೀ ಬೀದಿ ಸಿಕ್ಕಿಬೀಳಲು.

ಆ ಸಾಲಿನಲ್ಲಿ ಅತ್ತೆ ಆಗಲೇ ಮಂಡಿಯೂರಿ ಕೂತು ಸಸಿ ಕೀಳುತ್ತಿದ್ದಳು. ಅವಳ ಬಾಯಲ್ಲಿ ಕ್ಷಮೆಯ ಮಾತೊಂದನ್ನು ಆಡಿಸೋಣವೆಂದರೆ ಅವಳು ನನಗೆ ಬಾಯಿ ಕೊಡಲಿಲ್ಲ.

"ಎಷ್ಟು ಚೆನ್ನಾಗಿ ಬಂದಿತ್ತು ನೋಡೇ," ಎಂದು ಕಿತ್ತ ಸಸಿಯನ್ನು ಸೊಸೆಗೆ ತೋರಿಸಿದಳು. ಕಣ್ಣಲ್ಲಿ ನೀರಾಡುತ್ತಿತ್ತು.

ಸೊಸೆಗೆ ಕೆಟ್ಟ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಪಕ್ಕದಲ್ಲಿ ಕೂತು ತಾನೂ ಕಿತ್ತಳು. ಎಲ್ಲವನ್ನೂ ಮೇಕೆಗೆ ಹಾಕಿದರು.

೫
ಎಂಡಿಂಗ್ ಒಂದು: ಸಾಹೇಬನ ಕಣ್ಣಿಗೆ ಉಳಿದುಹೋದ ಒಂದು ಸಸಿ ಬೀಳುತ್ತದೆ.

"ಒಂದೂ ಉಳಿಸಿಲ್ಲ. ಅನುಮಾನ ಇದ್ರೆ ನೀನೇ ಬಗ್ಗಿ ನೋಡು," ಎಂದಳು ಸೊಸೆ. ಬಗ್ಗಿ ನೋಡಿದೆ. ಇರಲಿಲ್ಲ.

ಎಂಡಿಂಗ್ ಎರಡು: ದೊರೆಗಳು ಗಂಟುಮೂಟೆ ಕಟ್ಟಿ ಹಡಗು ಹತ್ತುತ್ತಾರೆ.

"ಯಾವಾಗ?"

"ನಿನ್ನ ಮೊಮ್ಮಕ್ಕಳ ಕಾಲಕ್ಕೆ."

"ಅಲ್ಲೀವರೆಗೆ ಏನು ಮಣ್ಣು ತಿನ್ನೋಣವಾ?"

ಸರಿ, ನಡೆದದ್ದನ್ನೇ ಬರೆಯುತ್ತೇನೆ. ಸಾಹೇಬ ಬಂದ, ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದ, ಈ ನೆಲ ಹತ್ತಿಗೆ ಆಗದು ಎಂದು ಗೊಣಗಿ ಗೂಟ ಕೀಳಿಸಿದ. ಅತ್ತೆ ಸೊಸೆ ತಡಮಾಡದೆ ಜೋಳ ಬಿತ್ತಿದರು. ನಾನು ಖುಷಿಯಿಂದ 'ಮುಗಿಯಿತು' ಎಂದು ಬರೆದೆ.

ಅಷ್ಟರಲ್ಲಿ ಸಾಹೇಬನ ಜವಾನ ಬಾಗಿಲಲ್ಲಿ ನಿಂತು ಕೂಗಿದ: "ಮುಂದಿನ ವರ್ಷ ಆ ಹೊಲದಲ್ಲಿ ಕಡಲೆಕಾಯಿ! ಸಾಹೇಬರ ಅಪ್ಪಣೆ!"

'ಮುಗಿಯಿತು' ಎಂಬುದನ್ನು ಅಳಿಸಿದೆ. ಸೊಸೆ ಹೊಸ್ತಿಲಲ್ಲೇ ಕೂತುಬಿಟ್ಟಳು. ಸಮಾಧಾನದ ಮಾತಿಗಾಗಿ ನಾನು ತಡಕಾಡುತ್ತಿರುವಾಗ ಅತ್ತೆ ಸೆರಗು ಕೊಡವಿಕೊಂಡು ಎದ್ದಳು.

"ಇದನ್ನ ಬೇಯಿಸಿದ್ರೆ ಸಿಪ್ಪೆ ಕಪ್ಪಾಗಿ ಸಾಹೇಬನಿಗೆ ಗೊತ್ತಾಗುತ್ತೆ ಕಣೆ. ಹುರಿದು ನೋಡೋಣ."

"ಹುರಿದ್ರೆ ಮಕ್ಕಳು ಬಿಡ್ತಾವಾ, ಅತ್ತೆ?"

"ಯಾಕೆ ಬಿಡಬೇಕು? ಹೊಟ್ಟೆ ತುಂಬ ತಿನ್ನಲಿ. ಸಾಹೇಬನಿಗೆ ಬಿತ್ತೋದಕ್ಕೆ ಸಿಪ್ಪೆ ಸಾಕು."