ಸ್ತಮಾತಿಯಾ ಬೇಡ ಅಂದಿದ್ದಾಳೆ

ಮರದಡಿಯ ಬಿಳಿ ಮಣ್ಣಿನ ಮೇಲೆ ಬೂಟಿನ ಗುರುತುಗಳಿದ್ದವು. ಸ್ತಮಾತಿಯಾ ಅತ್ತೆ ಮಂಡಿಯೂರಿ, ತುಳಿತಕ್ಕೆ ಸಿಕ್ಕಿದ ಒಂದು ಅಂಟಿನ ಹನಿಯನ್ನು ಕಿತ್ತು ನನ್ನ ಅಂಗೈಗೆ ಹಾಕಿದಳು.

"ನೋಡೇ ಕಲಿರೋಯಿ, ಈ ಕೊಳಕನ್ನ ಯಾರು ಬಾಯಿಗೆ ಹಾಕ್ಕೋತಾರೆ?"

ಗ್ರೀಸಿನ ಖಿಯೋಸ್ ದ್ವೀಪದ ನಮ್ಮ ಕಡೆ, ಬಾಯಲ್ಲಿ ಅಗಿಯುವ ಅಂಟು ಕೊಡುವ ಮಸ್ತಿಖಾ ಮರಗಳ ಬುಡ ಗುಡಿಸಿ, ಬಿಳಿ ಮಣ್ಣು ಹರಡಿ, ಕೈಯಿಂದಲೇ ಸವರುತ್ತೇವೆ. ಆಮೇಲೆ ತೊಗಟೆಗೆ ಗಾಯ ಮಾಡುತ್ತೇವೆ. ಅಂಟು ತೊಟ್ಟಿಕ್ಕಿ ಅಲ್ಲೇ ಒಣಗುವವರೆಗೆ ಮನೆಯವರೂ ಆ ಬಿಳಿಯನ್ನು ತುಳಿಯುವುದಿಲ್ಲ. ಪ್ರವಾಸಿಗರಿಗೆ ಮಾತ್ರ ಅದರ ನಡುವೆಯೇ ನಿಂತು ಫೋಟೋ ಬೇಕು. ಹೀಗೇ ಮುಂದುವರಿದರೆ ಅತ್ತೆಯ ವರ್ಷದ ಬೆಳೆ ಮಣ್ಣುಪಾಲು.

ಅವಳು ಒಂದು ಬೋರ್ಡು ಹಾಕಿದ್ದಳು. ಗುಡ್ಡದ ಮೇಲಿನ ಸೇನಾ ಶಿಬಿರದ ಬೇಲಿಯಿಂದ ಇಂಗ್ಲಿಷ್ ಅಕ್ಷರಗಳನ್ನು ಹಾಗೇ ನಕಲು ಮಾಡಿದ್ದು: ಎಂಟ್ರಿ ಪ್ರೊಹಿಬಿಟೆಡ್. ಒಳಗೆ ಏನು ಬಚ್ಚಿಟ್ಟಿದ್ದಾರೋ ನೋಡೋಣ ಎಂದು ಜನ ಇನ್ನಷ್ಟು ನುಗ್ಗಿದರು.

ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಬೇರೆ ಬೋರ್ಡು ಬರೆಯಲು ಕೂತೆ.

"ಪ್ರೊಹಿಬಿಟ್ ಅಂದ್ರೆ ಕಾನೂನಿನ ಕಡೆಯಿಂದ ಬೇಡ ಅನ್ನೋದು ಅತ್ತೆ. ಬ್ಯಾನ್ ಅಂದ್ರೆ ಸರ್ಕಾರ ಒಂದನ್ನ ಪೂರ್ತಿ ನಿಲ್ಲಿಸಿಬಿಡೋದು. ನಾಟ್ ಅಲೌಡ್ ಅಂತ ಬರೀಬಹುದು. ಆದ್ರೆ ಯಾರು ಬಿಡಲ್ಲ ಅಂತ ಅದ್ರಲ್ಲಿ ಗೊತ್ತಾಗಲ್ಲ."

"ಮನುಷ್ಯರು ಮನುಷ್ಯರಿಗೆ ಬೇಡ ಅನ್ನೋಕೆ ಇಂಗ್ಲಿಷಲ್ಲಿ ಮಾತೇ ಇಲ್ವಾ?"

"ಇದೆ. ಫರ್ಬಿಡ್. ತಾಯಿ ಮಗನ ಎದುರು ನಿಂತು ಹೇಳ್ತಾಳಲ್ಲ, ಹಾಗೆ. ಬೋರ್ಡಿಗೆ ಅದು ತೀರಾ ದೊಡ್ಡ ಮಾತು."

"ನಾನೇನು ಸಣ್ಣವಳಾ? ಬರಿ. ಕೆಳಗೆ ನನ್ನ ಹೆಸರು ಹಾಕು."

ದೋಣಿಗೆ ಬಳಿಯುವ ನೀಲಿ ಬಣ್ಣ ತಂದು ಇಂಗ್ಲಿಷಿನಲ್ಲಿ ಬರೆದೆ: ಈ ಬಿಳಿ ನೆಲ ತುಳಿಯುವುದನ್ನು ನಾನು ಫರ್ಬಿಡ್ ಮಾಡುತ್ತೇನೆ. ಸ್ತಮಾತಿಯಾ.

ಪಕ್ಕದ ತೋಟದ ಪಂಡೆಲಿಸ್ ಅದರ ಅರ್ಥ ಕೇಳಿ ಗೋಡೆಯಾಚೆಯಿಂದ ನಕ್ಕ. "ಏನಮ್ಮಾ, ಮಹಾರಾಣಿ ಆಗ್ಬಿಟ್ಟೆಯಾ? ಕಿರೀಟ ಎಲ್ಲಿ?"

"ನಿನ್ನ ಬೋಳುತಲೆ ಮೇಲಿಟ್ಟಿದ್ದೆ, ಜಾರಿ ಬಿತ್ತು ನೋಡು," ಎಂದಳು ಅತ್ತೆ.

ಸೋಮವಾರ ಪ್ರವಾಸಿಗರ ಬಸ್ಸು ಬಂತು. ಕ್ಯಾಮೆರಾ ಹಿಡಿದ ಎತ್ತರದ ಗಂಡಸೊಬ್ಬ ಬಿಳಿ ಮಣ್ಣಿನತ್ತ ಕಾಲು ಚಾಚಿದವನು ಬೋರ್ಡು ಓದಿದ. ಕಾಲು ಗಾಳಿಯಲ್ಲೇ ನಿಂತಿತು.

"ಯಾರು ಈ ಸ್ತಮಾತಿಯಾ?" ಇಂಗ್ಲಿಷಿನಲ್ಲಿ ಕೇಳಿದ.

ಎದುರಿನ ಮರದ ಹಿಂದಿನಿಂದ, ತೊಗಟೆಗೆ ಗಾಯ ಮಾಡುವ ಉಳಿಯನ್ನು ಕೈಯಲ್ಲಿ ಹಿಡಿದೇ ಅತ್ತೆ ಎದ್ದುನಿಂತಳು. ಅವಳಿಗೆ ಅರ್ಥವಾದದ್ದು ತನ್ನ ಹೆಸರೊಂದೇ.

"ನಾನೇ."

ಕಾಲು ಹಿಂದಕ್ಕೆ ಹೋಯಿತು. "ಸಾರಿ ಮೇಡಂ," ಎಂದು ಅವನು ಟೋಪಿ ತೆಗೆದ. ಮೂವತ್ತು ಜನ ಕೈ ಹಿಂದೆ ಕಟ್ಟಿಕೊಂಡು, ಇಗರ್ಜಿಯೊಳಗೆ ನಡೆದಂತೆ, ಬಿಳಿಯ ಅಂಚಿನಲ್ಲೇ ಸುತ್ತಿ ಹೋದರು. ಅತ್ತೆ ಒಬ್ಬೊಬ್ಬರಿಗೂ ತಲೆ ಬಾಗಿಸಿದಳು, ಮನೆಗೆ ಬಂದ ನೆಂಟರನ್ನು ಕಳಿಸಿಕೊಡುವಂತೆ.

ಸೆಪ್ಟೆಂಬರಿನಲ್ಲಿ ಒಣ ಹನಿಗಳನ್ನು ಆಯ್ದು ಜರಡಿ ಹಿಡಿದೆವು. ಗಾಜಿನಷ್ಟು ಸ್ವಚ್ಛ. ಅತ್ತೆ ಒಂದನ್ನು ಬಾಯಿಗೆ ಹಾಕಿ ಟಕಟಕ ಅಗಿಯುತ್ತ ತೋಟದ ತುಂಬ ನಡೆದಳು.

ಅಂದೇ ಸಂಜೆ ಪಂಡೆಲಿಸ್ ಒಂದು ಹಲಗೆ ಹೊತ್ತು ತಂದ.

"ಟೀಚರಮ್ಮಾ, ನನಗೂ ಒಂದು ಬರ್ಕೊಡು."

"ಪಂಡೆಲಿಸ್ ಅಂತ ಹೆಸರು ಹಾಕ್ಲಾ?"

"ಬೇಡ ಮಾರಾಯ್ತಿ, ನನಗೆ ಯಾರು ಹೆದರ್ತಾರೆ? ನಿಮ್ಮತ್ತೆ ಹೆಸರೇ ಹಾಕು."